ನೋಡದೆ ಹಾಕಿದ ಸಹಿ

ಜುಲೈ ೮, ಮಂಗಳವಾರ. ರಾಮತೀರ್ಥ ನಗರ, ಬೆಳಗಾವಿ.

ಖಾನಾಪುರದ ಕಾಡಂಚಿನ ಒಂದು ಕಾಲುಸೇತುವೆಯನ್ನು ಇಂದು ಮುಚ್ಚಿಸಿ ಬಂದೆ. ಹಳ್ಳದ ನೀರು ಒಂದು ಕಂಬದ ಬುಡವನ್ನೇ ಕೊರೆದುಬಿಟ್ಟಿದೆ. ಮುಳ್ಳುಕಂಟಿ ಹಾಕಿಸುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತು ನಿಂಗವ್ವ ಎಂಬ ಮುದುಕಿ ದಾಟಲು ಬಂದಳು.

"ಮೇಡಮ್ಮಾರ, ಇದು ಅಲುಗಾಡಾಕ ಹತ್ತಿ ಎರಡು ವರ್ಷ ಆತ್ರಿ. ಹೋದ ವರ್ಷ ಯಾರೂ ನೋಡಾಕ ಬರಲಿಲ್ಲೇನ್ರಿ?"

"ಬಂದಿದ್ರವ್ವಾ" ಎಂದೆ.

ಸುಳ್ಳು. ಹೋದ ವರ್ಷದ ತಪಾಸಣೆಗೆ ಬರಬೇಕಾಗಿದ್ದ ಎಂಜಿನಿಯರ್ ನಾನೇ. ಬೆಳಗಾವಿಯ ಕಚೇರಿಯಲ್ಲಿ ಕುರ್ಚಿ ಬಿಟ್ಟೇಳದೆ ಒಂದೇ ಮಧ್ಯಾಹ್ನ ನಲವತ್ತು ಸೇತುವೆಗಳಿಗೆ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದ್ದೆ.

ಆಕೆ ನಂಬಿದಳು. "ಪಾಪ, ಅವರ ಕಣ್ಣಿಗೆ ಬಿದ್ದಿರಾಕಿಲ್ಲ ಬಿಡ್ರಿ" ಎಂದು ನಾಲ್ಕು ಕಿಲೋಮೀಟರಿನ ಸುತ್ತುದಾರಿ ಹಿಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಳೆ ಸಾಹೇಬರಿಗೆ ಎಲ್ಲ ಹೇಳಬೇಕು. ಆ ನಲವತ್ತರಲ್ಲಿ ನಾನು ಕಣ್ಣಾರೆ ಕಂಡಿದ್ದು ಇದೊಂದನ್ನೇ. ಉಳಿದವುಗಳ ಮೇಲೆ ಬೆಳಕು ಹರಿಯುತ್ತಲೇ ಜನ ನಡೆಯುತ್ತಾರೆ.