ಡಬ್ಬ ತುಂಬಿತು

ಪ್ರೀತಿಯ ಭಾವನವರಿಗೆ,

ನಿಮ್ಮ ಬಣ್ಣದಂಗಡಿಯ ಗಲ್ಲಾದ ಕುರ್ಚಿಗೆ ದಯವಿಟ್ಟು ಬೇರೆಯವರನ್ನು ನೋಡಿಕೊಳ್ಳಿ. “ನೀನು ಬರೆದದ್ದನ್ನ ನಿನ್ನ ಬಿಟ್ಟು ಒಬ್ಬರಾದರೂ ಬಳಸಲಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಅಂಗಡಿಗೆ ಬಂದುಬಿಡು” ಎಂದಿದ್ದಿರಲ್ಲ, ಗೆದ್ದೆ.

ನಾನು ಬರೆದ ಲೈಬ್ರರಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಕೋಡು, ಒಂದು ಬಗೆಯ ನಿಘಂಟು. ಹೆಸರು ಕೊಟ್ಟರೆ ವಿವರ ಎತ್ತಿಕೊಡುತ್ತದೆ, ಅರೆಬರೆ ಹೇಳಿದರೂ ಗುರುತು ಹಿಡಿಯುತ್ತದೆ. ಆ ವಿಷಯದಲ್ಲಿ ನಿಮಗಿಂತ ವಾಸಿ. ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಪ್ಯಾಕೇಜ್ ಮಾಡಿ ಜಾಲಕ್ಕೇರಿಸಿದೆ. ನನ್ನ ಕಂಪ್ಯೂಟರಿನಲ್ಲಿ ಕುಣಿದಾಡಿತು. ಅಕ್ಕ ತನ್ನ ಆಫೀಸಿನಲ್ಲಿ ಇಳಿಸಿಕೊಂಡು ಫೋನ್ ಮಾಡಿದಳು: “ಏನೇ ಇದು, ಡಬ್ಬ ಬಂತು, ಒಳಗೆ ಬರೀ ಗಾಳಿ!” ಹೆಸರು, ಲೈಸೆನ್ಸ್, ಬಳಸುವ ವಿಧಾನ ಎಲ್ಲವನ್ನೂ ಹಾಕಿ, ಕೋಡನ್ನೇ ಬಿಟ್ಟಿದ್ದೆ. ನನ್ನ ಕಂಪ್ಯೂಟರ್ ಇಲ್ಲಿದ್ದ ಮೂಲಪ್ರತಿಯನ್ನೇ ಬಳಸುತ್ತಿದ್ದುದರಿಂದ ನನಗೆ ಗೊತ್ತೇ ಆಗಿರಲಿಲ್ಲ.

ತುಂಬಿ ಮತ್ತೆ ಕಳಿಸಿದೆ. ಇವತ್ತು ಬೆಳಿಗ್ಗೆ ಗುರುತಿಲ್ಲದ ಗ್ರಂಥಪಾಲಕರೊಬ್ಬರು ಬೈದು ಬರೆದಿದ್ದಾರೆ: “ನಮ್ಮ ಪುಸ್ತಕಗಳ ಇಡೀ ಪಟ್ಟಿ ಇದರ ಮೇಲೆ ನಿಂತಿದೆ ಸ್ವಾಮಿ, ಹುಡುಕೋದು ತುಂಬಾ ನಿಧಾನ, ಬೇಗ ಸರಿ ಮಾಡಿ!”

ಭಾವ, ಬೈಸಿಕೊಂಡು ಇಷ್ಟು ಹಿಗ್ಗಿದ್ದು ಇದೇ ಮೊದಲು. ಭಾನುವಾರ ಊಟಕ್ಕೆ ಕಾಯಬೇಡಿ ಎಂದು ಅಕ್ಕನಿಗೆ ಹೇಳಿ. ಅಂಗಡಿಯಿಂದ ನೀವು ಹೇಳಿಕಳಿಸುವ ಹಾಗೆಯೇ ಹೇಳುತ್ತಿದ್ದೇನೆ: ಗಿರಾಕಿ ಕಾಯುತ್ತಿದ್ದಾರೆ.

ಕೆಲಸ ಸಿಕ್ಕಿಬಿಟ್ಟಿರುವ
ನಿಮ್ಮ ನಾದಿನಿ