ಉಬ್ಬಿದ ಬ್ಯಾಟರಿ

ಅತ್ತೆ,

ಗುಡುಗು ಕೇಳಿಸಿದರೆ ಸಾಕು, ನೀವು ಓಡಿ ಬಂದು ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತಿದ್ದಿರಿ. ಒಮ್ಮೆ ನಾನು ತರೀಕೆರೆಯ ವಕೀಲರಿಗೆ ಅರ್ಜಿ ಟೈಪ್ ಮಾಡುತ್ತಿದ್ದಾಗ ಲ್ಯಾಪ್‌ಟಾಪಿನ ವೈರನ್ನೂ ಎಳೆದಿರಿ. "ಅದಕ್ಕೇನೂ ಆಗಲ್ಲ, ಬಿಡಿ ಅತ್ತೆ" ಎಂದು ನಕ್ಕಿದ್ದೆ. "ನಗು ಕಣೇ, ನಗು. ಬೆಂಕಿ ನಿನ್ ನಗು ನೋಡಿ ಸುಮ್ನಿರುತ್ತಾ?" ಎಂದಿರಿ. ಕಿತ್ತ ವೈರನ್ನು ಎದೆಗವಚಿಕೊಂಡು ನಿಂತಿದ್ದಿರಿ. ನೋಡಿಯೂ ನಕ್ಕೆನಲ್ಲ...

ನೀವು ಕಣ್ಮುಚ್ಚಿದ ಮೇಲೆ ಆ ವೈರು ತೆಗೆಯುವವರೇ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಾರ್ಜಿನಲ್ಲೇ, ಅದೂ ಹಾಸಿಗೆಯ ಮೇಲೆ, ರಗ್ಗಿನ ಕಾವಿನಲ್ಲಿ. ಈ ಬೇಸಿಗೆಯಲ್ಲಿ ಒಂದು ದಿನ ಕೀಲಿಮಣೆ ನಡುವೆ ಉಬ್ಬಿಕೊಂಡಿತು, ಮುಚ್ಚಳ ಪೂರ್ತಿ ಕೂರಲಿಲ್ಲ. ನಾನೇನು ಮಾಡಿದೆ ಗೊತ್ತೆ? ಸರಿಹೋಗಲಿ ಎಂದು ಮೇಲೆ ದಪ್ಪನೆಯ ನಿಘಂಟು ಹೇರಿಟ್ಟೆ. ಅದೇ ಹಾಸಿಗೆಯ ಮೇಲೆ ಚಿನ್ನು ಮಧ್ಯಾಹ್ನ ಮಲಗುತ್ತಿದ್ದಳು. ನಿಮ್ಮ ಮೊಮ್ಮಗಳು, ಅತ್ತೆ.

ಅಜ್ಜಂಪುರದಲ್ಲಿ ರಿಪೇರಿಯವರು ಮುಟ್ಟಲಿಲ್ಲ, ಕಡೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಂಜಣ್ಣನ ನಂಬರ್ ಕೊಟ್ಟರು. ಚಿನ್ನುವನ್ನು ಮನೆಯಲ್ಲಿ ಯಾರ ಹತ್ತಿರ ಬಿಡಲಿ, ನೀವಿಲ್ಲದೆ? ಕರೆದುಕೊಂಡೇ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ನನ್ನ ತೊಡೆಯ ಮೇಲೆ ಅವಳು, ಅವಳ ತೊಡೆಯ ಮೇಲೆ ಲ್ಯಾಪ್‌ಟಾಪಿನ ಬ್ಯಾಗು. ಕುಳಿತಲ್ಲಿಂದಲೇ ಮಂಜಣ್ಣನಿಗೆ ಮನೆಯಲ್ಲಿ ತೆಗೆದಿದ್ದ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

"ಅಕ್ಕಾ, ಬ್ಯಾಟ್ರಿ ಉಬ್ಬೈತೆ. ಎಲ್ಲಿದ್ದೀರಾ?"

"ಬಸ್ಸಲ್ಲಿ."

ಅವನು ಮೆಲ್ಲಗೆ, "ಬ್ಯಾಗ್ ಮುಟ್ನೋಡಿ. ಬಿಸಿ ಐತಾ?"

ಬಿಸಿಯಿತ್ತು. ಬಿಸಿಲಿಗೋ, ಮಗುವಿನ ಮೈಗೋ, ಇಲ್ಲಾ... ಜಿಪ್ ಸ್ವಲ್ಪ ಸರಿಸಿದೆ. ಉಗುರುಬಣ್ಣದಂಥ ಸಿಹಿ ವಾಸನೆ ಬಂತು.

"ಒತ್ಬ್ಯಾಡಿ, ಬೀಳಿಸ್ಬ್ಯಾಡಿ. ಮೊದ್ಲು ಇಳಿದ್ಬಿಡಿ ಅಕ್ಕಾ."

ಕಂಡಕ್ಟರ್ ಒಪ್ಪಲಿಲ್ಲ. "ಇಲ್ಲಿ ಸ್ಟಾಪಿಲ್ಲ ಕಣಮ್ಮ, ಬೀರೂರು ಬರ್ಲಿ." ಬೆಂಕಿ ಎಂದರೆ ಜನ ಒಬ್ಬರ ಮೇಲೊಬ್ಬರು ಬಿದ್ದಾರು. ಆ ಮಾತು ನುಂಗಿಕೊಂಡು, "ನಿಲ್ಸಿ! ಮಗೂಗೆ ಆಗ್ತಿಲ್ಲ!" ಎಂದು ಕಿರುಚಿದೆ. ಬಸ್ಸು ನಿಂತಿತು.

ಬ್ಯಾಗನ್ನು ಬರಿ ನೆಲದ ಮೇಲಿಟ್ಟು, ಚಿನ್ನುವನ್ನು ಎಳೆದುಕೊಂಡು ದೂರದ ಜಾಲಿ ಮರದಡಿ ಕುಳಿತೆ. ಬ್ಯಾಗಿನಿಂದ ಕಣ್ಣು ಕೀಳಲಾಗಲಿಲ್ಲ. "ಅಮ್ಮಾ, ಅದು ನಮ್ಗೇನ್ ಮಾಡುತ್ತೆ?" ಎಂದಳು. ಅವಳನ್ನು ನನ್ನ ಬೆನ್ನ ಹಿಂದೆ ಕೂರಿಸಿಕೊಂಡೆ. ಎಲೆ ಅಲುಗಿದರೂ ಅದೇ ಹೊತ್ತಿಕೊಂಡಿತೇನೋ ಎಂದು ಬೆಚ್ಚುತ್ತಿದ್ದೆ. ನಿಮಗೆ ಪ್ರತಿ ಗುಡುಗಿಗೂ ಹೀಗೇ ಆಗುತ್ತಿತ್ತಾ, ಅತ್ತೆ?

ಇಳಿದ ಜಾಗ ಫೋನಿನಲ್ಲಿ ಹೇಳಿದ್ದೆ; ಮಂಜಣ್ಣ ಬೈಕಿನಲ್ಲಿ ಬಂದ, ಜೊತೆಯಲ್ಲಿ ಮರಳು ತುಂಬಿದ ತಗಡಿನ ಡಬ್ಬ. ಲ್ಯಾಪ್‌ಟಾಪನ್ನು ಕಲ್ಲಿನ ಮೇಲಿಟ್ಟು ಒಂದೊಂದೇ ಸ್ಕ್ರೂ ಬಿಚ್ಚಿದ. ಒಳಗೆ ಬ್ಯಾಟರಿ ಹಬೆಯಲ್ಲಿ ಬೆಂದ ಕಡುಬಿನಂತೆ ಊದಿತ್ತು. "ಒಂದ್ ಸೂಜಿ ತಾಕಿದ್ರೂ ಮುಗೀತು" ಎನ್ನುತ್ತಾ, ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಅಂಟು ಬಿಡಿಸಿದ. ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅದು ಮರಳಿನೊಳಗೆ ಹೋಗುವವರೆಗೂ ಮೂವರೂ ಉಸಿರಾಡಲಿಲ್ಲ.

ಮೂರು ದಿನದ ಮೇಲೆ ಹೊಸ ಬ್ಯಾಟರಿ ಹಾಕಿಕೊಟ್ಟ. "ಇಪ್ಪತ್ತು ಪರ್ಸೆಂಟಿಗೆ ಇಳಿದಾಗ ಚಾರ್ಜಿಗೆ ಹಾಕಿ, ಎಂಬತ್ತಕ್ಕೆ ತೆಗೀರಿ. ಹಾಸಿಗೆ ಮೇಲೆ ಬ್ಯಾಡ, ಮೇಜಿನ ಮೇಲಿಡಿ. ಒರಿಜಿನಲ್ ಚಾರ್ಜರ್ ಬಿಟ್ಟು ಬೇರೇದು ಹಾಕ್ಬ್ಯಾಡಿ." ಎಲ್ಲವನ್ನೂ ಪಾಲಿಸುತ್ತೇನೆ. ಆದರೂ ಗಳಿಗೆಗೊಮ್ಮೆ ಅದರ ತಳ ಮುಟ್ಟಿ ನೋಡುತ್ತೇನೆ, ಮಗುವಿಗೆ ಜ್ವರವೇನೋ ಎಂದು ನೋಡುವ ಹಾಗೆ.

ಇನ್ನೊಂದು ಸುದ್ದಿ ಇದೆ, ಯಾರಿಗೂ ಹೇಳಿಲ್ಲ. ಮೊನ್ನೆ ಮಂಜಣ್ಣ ಫೋನ್ ಮಾಡಿದ್ದ. ಹಳೇ ಬ್ಯಾಟರಿ ಒಯ್ಯುವವರು ಬರಲೆಂದು ಅದನ್ನು ಅಂಗಡಿ ಹಿಂದಿನ ಬಯಲಿನಲ್ಲಿ, ಮರಳಲ್ಲೇ ಇಟ್ಟಿದ್ದನಂತೆ. "ಅಕ್ಕಾ, ಅದು ತಾನಾಗೇ ಹೊತ್ಕೊಂಡ್ಬಿಡ್ತು. ಯಾರೂ ಮುಟ್ಟಿರ್ಲಿಲ್ಲ. ಡಬ್ಬ ಪೂರ್ತಿ ಕರ‍್ರಗಾಗೈತೆ."

ನಿಮ್ಮ ಮಗನಿಗೂ ಹೇಳಲು ಬಾಯಿ ಬರಲಿಲ್ಲ, ಅತ್ತೆ. ನಿಮಗೇ ಮೊದಲು. ಆಟ ಮುಗಿಸಿ ಬಂದ ಚಿನ್ನುವನ್ನು ಬಿಗಿಯಾಗಿ ಅಪ್ಪಿಕೊಂಡೆ. "ಉಸಿರು ಕಟ್ಟುತ್ತೆ, ಬಿಡಮ್ಮಾ" ಎಂದಳು.

ಬಿಡಲಿಲ್ಲ.

ನಿಮ್ಮ ಸೊಸೆ,
ಶಶಿ