ಎಡೆಗಿಡುವ ಗೋಬಿ

ಎಕ್ಕಂಬಿ, ಶಿರಸಿ ತಾಲೂಕು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಉಲ್ಲಾಸಣ್ಣಾ,

ಹೇಗಿದ್ದೀಯ? ಕೈಗೆ ಎಣ್ಣೆ ಸಿಡಿದ ಗಾಯಗಳು ಮಾಗಿವೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಫೋನ್ ಹತ್ತುವುದೇ ಇಲ್ಲ. ಲಾರಿ ಓಡಿಸುವ ನಮ್ಮೂರ ಸಂದೇಶ, ನಿನ್ನನ್ನು ಮಡಗಾಂವಿನ ಈ ಹೋಟೆಲಿನ ಅಡುಗೆಮನೆಯಲ್ಲಿ ಕಂಡೆ, ಕೈತುಂಬ ಎಣ್ಣೆ ಸಿಡಿದ ಗಾಯ ಎಂದ. ಮನೆಯಲ್ಲಿ ಅದನ್ನು ನಂಬಿದವಳು ನಾನೊಬ್ಬಳೇ. ಅದಕ್ಕೇ ಹೋಟೆಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನೀನು ಮನೆ ಬಿಟ್ಟು ಮೂರು ವರ್ಷವಾಯಿತೆಂದು ದೊಡ್ಡಪ್ಪ ಯಾರೋ ಕಣಿ ಹೇಳುವವರ ಹತ್ತಿರ ನೋಟ ಕೇಳಿಸಿಕೊಂಡು ಬಂದಿದ್ದಾನೆ. ನೀನು ಬದುಕಿಲ್ಲವಂತೆ. ಬರುವ ಭಾನುವಾರ ಮಹಾಲಯ ಅಮಾವಾಸ್ಯೆಗೆ ಅಜ್ಜನ, ಅಪ್ಪನ ಎಡೆಯ ಪಕ್ಕ ನಿನಗೂ ಒಂದು ಎಲೆ ಹಾಕಬೇಕಂತೆ. ಸತ್ತವರಿಗೆ ಇಷ್ಟವಾದದ್ದನ್ನೇ ಇಡಬೇಕಲ್ಲ, ನಿನಗೆ ಗೋಬಿ ಮಂಚೂರಿ. ನೀನು ಗೋಬಿ ಗಾಡಿಯಲ್ಲಿ ಕೆಲಸಕ್ಕೆ ನಿಂತಾಗ "ಗದ್ದೆ ಇದ್ದೋನು ಬೀದೀಲಿ ನಿಂತು ಗೋಬಿ ಕರೀತಾನಲ" ಎಂದು ಪೇಟೆಯ ನಡುವೆ ನಿನ್ನ ಮಾನ ಕಳೆದವನು, ಈಗ ಅದನ್ನೇ ನಮ್ಮ ಒಲೆಯ ಮೇಲೆ ಮಾಡಿಸಿ ನಿನಗೆ ಇಡುತ್ತಾನಂತೆ.

ನಾನು ಜಗಳ ತೆಗೆದೆ. "ಸತ್ತವ್ರು ಉಂಬೂದಿಲ್ಲ ಅಂತ ಕರಪತ್ರ ಹಂಚೋಳು ನೀನೇ ಅಲ. ಹಂಗಾರೆ ಒಂದು ಎಲೆ ಇಟ್ರೆ ನಿಂಗೆಂಥ ಹೊಟ್ಟೆನೋವು?" ಎಂದ. ಅದಕ್ಕೆ ನನ್ನ ಉತ್ತರವನ್ನು ಈಗ ಬರೆಯುತ್ತೇನೆ. ಸತ್ತವರು ಉಣ್ಣುವುದು ಸುಳ್ಳು, ಆದರೆ ಎಲೆ ಹಾಕುವುದು ನಿಜ. ಎಲೆ ಬಿದ್ದ ಮೇಲೆ ನಿನ್ನನ್ನು ಯಾರೂ ಹುಡುಕುವುದಿಲ್ಲ. ಉಲ್ಲಾಸನ ಸುದ್ದಿ ಬಂತೇ ಎಂದು ಊರವರು ಅಮ್ಮನನ್ನು ಕೇಳುವುದನ್ನೂ ಬಿಡುತ್ತಾರೆ. ದುಡಿದು ತಿನ್ನುವವನನ್ನು ಬದುಕಿರುವಾಗಲೇ ಸಾಯಿಸುವ ಶಾಸ್ತ್ರಕ್ಕೆ ನಾನು ಸೌಟು ಹಿಡಿಯುವುದಿಲ್ಲ.

ಹಿಡಿದವಳು ಅಮ್ಮ. ದಿನ ಬಿಟ್ಟು ದಿನ ಗೋಬಿ ತರಿಸಿ, ಅರಿಶಿನ ಉಪ್ಪು ಹಾಕಿದ ಬಿಸಿನೀರಲ್ಲಿ ಮುಳುಗಿಸಿ ತೆಗೆದು, ಮೈದಾ, ಕಾರ್ನ್‌ಫ್ಲೋರ್, ಖಾರದ ಪುಡಿ ಕಲಸಿ ಕರಿಯುತ್ತಾಳೆ. ಈರುಳ್ಳಿ, ದೊಣ್ಣೆಮೆಣಸು, ಸೋಯಾ ಸಾಸಿನಲ್ಲಿ ಹೊರಳಿಸುವಷ್ಟರಲ್ಲಿ ಎಲ್ಲ ಮುದ್ದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅವ ಮಾಡಿದ್ದು ಕರುಂ ಅಂತಿತ್ತು. ಇದು ಮೆತ್ತಗಾತು, ಅವಂಗೆ ಇಡೂಕೆ ಬರೂದಿಲ್ಲ" ಎಂದು ದೊಡ್ಡಪ್ಪನಿಗೆ ಕೇಳುವಂತೆ ಹೇಳಿ ಕೊಟ್ಟಿಗೆಗೆ ಒಯ್ಯುತ್ತಾಳೆ. ಇಷ್ಟದ್ದು ಸರಿಯಾಗದೆ ಎಲೆ ಹಾಕುವಂತಿಲ್ಲವಲ್ಲ, ಪ್ರತಿಸಲವೂ ನನಗೆ ಸಮಾಧಾನ. ಒಮ್ಮೆ ಹದ ಉರಿಯಲ್ಲಿ ಕರಿದು, ಆರಲು ಬಿಟ್ಟು, ಆಮೇಲೆ ಚೆನ್ನಾಗಿ ಕಾದ ಎಣ್ಣೆಯಲ್ಲಿ ಇನ್ನೊಮ್ಮೆ ಕರಿಯಬೇಕೆಂದು ನೀನು ನನಗೆ ತೋರಿಸಿಕೊಟ್ಟಿದ್ದೆಯಲ್ಲ, ಅದನ್ನು ನಾನು ಹೇಳಿಲ್ಲ. ಗೊತ್ತಿರುವುದನ್ನು ಮುಚ್ಚಿಡುವುದು ಅನ್ಯಾಯವೆಂದು ನಾನು ಓದಿದ ಪುಸ್ತಿಕೆಗಳೆಲ್ಲ ಹೇಳುತ್ತವೆ. ಹೇಳಲಿ. ಅಮ್ಮ ಅಷ್ಟು ಶ್ರದ್ಧೆಯಿಂದ ಬಾಣಲೆಯ ಮುಂದೆ ನಿಲ್ಲುವುದನ್ನು ಕಂಡಾಗ ಮಾತ್ರ ಅವಳ ಮೇಲೂ ಸಿಟ್ಟು ಬರುತ್ತದೆ.

ಅವಳಿಗೆ ಹೇಳದೆ ಬರೆಯುತ್ತಿದ್ದೇನೆ. ಆದ್ದರಿಂದ ಅವಳ ಆಶೀರ್ವಾದವನ್ನು ನಾನೇ ಸೇರಿಸಿ ಕಳಿಸುತ್ತೇನೆ. ಮೈ ಜೋಪಾನ.

ನಿನ್ನ ತಂಗಿ,
ಭೂಮಿಕಾ

ಮತ್ತೆ: ಈಗಷ್ಟೇ ಅಮ್ಮ ಬಾಗಿಲಿಗೆ ಬಂದು "ಅವಂಗೇ ಬರೀತಿದೀಯಲೆ?" ಎಂದಳು. ಹೌದೆಂದು ಬರೆದದ್ದನ್ನು ಓದಿ ಹೇಳಿದೆ. "ಎರಡ್ನೇ ಸಲ ಕರೀಬೇಕು ಅಂತ ನಂಗೂ ಗೊತ್ತೈತೆ. ಅವ ಮೊದ್ಲು ತೋರ್ಸಿದ್ದು ನಂಗೇಯ" ಎಂದು ಪಕ್ಕದಲ್ಲೇ ಕುಳಿತಿದ್ದಾಳೆ. ಆದರೆ ದೊಡ್ಡಪ್ಪನಿಗೆ ಸಾಕಾಗಿದೆ. ಭಾನುವಾರಕ್ಕೆ ಶಿರಸಿಯ ಹೋಟೆಲಿನಲ್ಲಿ ಪಾರ್ಸೆಲ್ ಹೇಳಿಟ್ಟು ಬಂದಿದ್ದಾನೆ. ಅದನ್ನು ಕೆಡಿಸಲು ನಮ್ಮಿಂದಾಗದು. ನೀನು ಬರಬೇಕಿಲ್ಲ, ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಎಲೆ ಹಾಕುವುದು ಮಧ್ಯಾಹ್ನ, ಅಷ್ಟರೊಳಗೆ ಫೋನ್ ಮಾಡು. ಅಮ್ಮನ ಹಳೆಯ ನಂಬರೇ ಇದೆ. ದೊಡ್ಡಪ್ಪನಿಗೆ ಕೇಳುವಂತೆ ಸ್ಪೀಕರಿಗೆ ಹಾಕುತ್ತೇನೆ.